ತೆಗೆದರೂ ಮರಳಿ ಬರುವ ಆಡಿಯೊ ತಂತ್ರಾಂಶ

ಲ್ಯಾಪ್‌ಟಾಪ್ ಜೊತೆಗೇ ಬಂದ ನಹಿಮಿಕ್ ತಂತ್ರಾಂಶವನ್ನು ಎಷ್ಟು ಸಲ ತೆಗೆದರೂ ಮತ್ತೆ ಬಂದು ಕೂರುತ್ತದೆ ಎಂದು ಬರೆದಿದ್ದೀರಿ. ನಿಮ್ಮ ತಪ್ಪೇನೂ ಇಲ್ಲ. ನೀವು ತೆಗೆದದ್ದು ಕಣ್ಣಿಗೆ ಕಾಣುವ ಆ್ಯಪ್ ಮಾತ್ರ. ಹಿನ್ನೆಲೆಯಲ್ಲಿ ಓಡುವ ಸರ್ವಿಸ್, ಡ್ರೈವರ್ ಜೊತೆ ಸೇರಿಕೊಂಡ ಭಾಗಗಳು ಕಳೆಯ ಬೇರಿನಂತೆ ಒಳಗೇ ಉಳಿದಿವೆ.

ಮೊದಲು ವಿಂಡೋಸ್‌ನಲ್ಲಿ ಒಂದು ರಿಸ್ಟೋರ್ ಪಾಯಿಂಟ್ ಮಾಡಿಕೊಳ್ಳಿ. ಇದನ್ನು ಬಿಟ್ಟು ಮುಂದೆ ಹೋಗಲೇಬೇಡಿ. ಆಮೇಲೆ ಸ್ಟಾರ್ಟ್ ಮೆನುವಿನಲ್ಲಿ ‘ಸರ್ವಿಸಸ್’ ಹುಡುಕಿ, ನಹಿಮಿಕ್ ಸರ್ವಿಸ್ ನಿಲ್ಲಿಸಿ, ಸ್ಟಾರ್ಟಪ್ ಟೈಪ್ ಅನ್ನು ‘ಡಿಸೇಬಲ್ಡ್’ ಮಾಡಿ. ಎಷ್ಟೋ ಸಲ ಇಷ್ಟೇ ಸಾಕಾಗುತ್ತದೆ. ಕಾಟ ಮುಂದುವರಿದರೆ ಆ್ಯಪ್ ಅನ್‌ಇನ್‌ಸ್ಟಾಲ್ ಮಾಡಿ, ಡಿವೈಸ್ ಮ್ಯಾನೇಜರ್‌ನ ‘ಸಾಫ್ಟ್‌ವೇರ್ ಕಾಂಪೊನೆಂಟ್ಸ್’ ಕೆಳಗೆ ಆ ಹೆಸರಿನಲ್ಲಿ ಇರುವುದನ್ನೂ ತೆಗೆಯಿರಿ. ಆಗ ಡ್ರೈವರ್ ಅಳಿಸುವ ಚೌಕಕ್ಕೆ ಟಿಕ್ ಹಾಕಿ. ರಿಯಲ್‌ಟೆಕ್ ಡ್ರೈವರ್ ಮಾತ್ರ ಮುಟ್ಟಬೇಡಿ, ಧ್ವನಿ ಬರುವುದೇ ಅದರಿಂದ.

ಒಂದು ಆಡಿಯೊ ತಂತ್ರಾಂಶಕ್ಕಾಗಿ ಇಷ್ಟು ತಲೆಕೆಡಿಸಿಕೊಳ್ಳುವುದು ಅತಿಯಾಯಿತೇ ಎಂದೂ ಕೇಳಿದ್ದೀರಿ. ಖಂಡಿತ ಇಲ್ಲ. 2017ರಲ್ಲಿ ಎಚ್‌ಪಿಯ ಕೆಲವು ಲ್ಯಾಪ್‌ಟಾಪ್‌ಗಳಲ್ಲಿದ್ದ ಕೊನೆಕ್ಸಂಟ್ ಆಡಿಯೊ ಡ್ರೈವರ್, ಬಳಕೆದಾರರು ಒತ್ತಿದ ಕೀಲಿಗಳನ್ನೆಲ್ಲ ಒಂದು ಫೈಲ್‌ನಲ್ಲಿ ಬರೆದಿಡುತ್ತಿದ್ದುದನ್ನು ಸ್ವಿಟ್ಜರ್ಲೆಂಡಿನ ಮಾಡ್‌ಜೀರೊ ಸಂಸ್ಥೆ ಪತ್ತೆ ಮಾಡಿತು. ಪಾಸ್‌ವರ್ಡ್ ಟೈಪಿಸಿದರೆ ಅದೂ ಅಲ್ಲಿ ಸೇರುತ್ತಿತ್ತು. ಎಚ್‌ಪಿ ಆಮೇಲೆ ಅದನ್ನು ಸರಿಪಡಿಸಿತು. ನಿಮ್ಮ ಯಂತ್ರದಲ್ಲಿ ಏನು ಓಡುತ್ತಿದೆ ಎಂದು ಕೇಳುವುದು ನಿಮ್ಮ ಹಕ್ಕು.

ಅಕಸ್ಮಾತ್ ಧ್ವನಿ ಪೂರ್ತಿ ನಿಂತುಹೋದರೆ ಗಾಬರಿಯಾಗಬೇಡಿ. ರಿಸ್ಟೋರ್ ಪಾಯಿಂಟ್‌ಗೆ ಮರಳಿ, ಇಲ್ಲವೇ ವಿಂಡೋಸ್‌ನದೇ ‘ಹೈ ಡೆಫಿನಿಷನ್ ಆಡಿಯೊ ಡಿವೈಸ್’ ಡ್ರೈವರ್ ಆರಿಸಿಕೊಳ್ಳಿ. ಹಾಡು ಕೇಳುವುದಕ್ಕೂ ಆನ್‌ಲೈನ್ ಕ್ಲಾಸಿಗೂ ಅದು ಧಾರಾಳ ಸಾಕು.