ಚರ್ಚಿನ ಅಂಗಳದಲ್ಲಿ ಹುಟ್ಟಿದ ಫುಟ್‌ಬಾಲ್ ತಂಡ: ನಮಗೊಂದು ಪಾಠ

ಪಠಣ: 1 ಕೊರಿಂಥಿಯರಿಗೆ 12:12–27



ಕಾಸಾರಶಿರಸಿ, ಉಮರ್ಗಾ, ನಿಲಂಗಾ, ಉದ್ಗೀರ್ ಕಡೆಯ ನಾವು ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ಮರಾಠಿ ಆಡುವ ಜನ. ವಿಶ್ವಾಸದಲ್ಲೂ ಭಾಷೆಯಲ್ಲೂ ಅಲ್ಪಸಂಖ್ಯಾತರು. ಯುವಕರಿಗಾಗಿ ಒಂದು ಆಟದ ತಂಡ ಕಟ್ಟಬೇಕೆಂದರೂ ನಮ್ಮಲ್ಲಿ ಮೊದಲು ಏಳುವ ಪ್ರಶ್ನೆ ಒಂದೇ: ಇದು ನಮ್ಮವರಿಗಷ್ಟೇ ಇರಲೋ, ಎಲ್ಲರಿಗೂ ಇರಲೋ? ಇದೇ ಪ್ರಶ್ನೆಯನ್ನು ಎದುರಿಸಿದ ಸ್ಕಾಟ್ಲೆಂಡಿನ ಒಂದು ತಂಡದ ಕಥೆಯನ್ನು ಈ ಸಲ ಅಭ್ಯಾಸ ಮಾಡೋಣ.

ಎಡಿನ್‌ಬರ್ಗ್ ನಗರದ ಕೌಗೇಟ್ ಎಂಬುದು ಐರ್ಲೆಂಡಿನಿಂದ ಹೊಟ್ಟೆಪಾಡಿಗೆ ಬಂದ ಬಡ ಕಥೋಲಿಕರ ಕೇರಿ. ಅಲ್ಲಿಯ ಸಂತ ಪ್ಯಾಟ್ರಿಕ್ ದೇವಾಲಯದ ಗುರುಗಳಾದ ಎಡ್ವರ್ಡ್ ಹ್ಯಾನನ್ 1865ರಲ್ಲಿ ಕಥೋಲಿಕ ಯುವಕರ ಸಂಘವನ್ನು ಆರಂಭಿಸಿದರು. 1875ರಲ್ಲಿ ಅದರಿಂದಲೇ ‘ಹಿಬರ್ನಿಯನ್’ ಎಂಬ ಫುಟ್‌ಬಾಲ್ ತಂಡ ಹುಟ್ಟಿತು. ಹಿಬರ್ನಿಯಾ ಎಂದರೆ ಲ್ಯಾಟಿನ್ ಭಾಷೆಯಲ್ಲಿ ಐರ್ಲೆಂಡ್. ಸಂಘದ ಸದಸ್ಯರಿಗೆ ಮಾತ್ರ ತಂಡದಲ್ಲಿ ಸ್ಥಾನ. ಆಟದಿಂದ ಬಂದ ಹಣ ಬಡವರ ನೆರವಿಗೆ ಹೋಗುತ್ತಿತ್ತು.

ಈ ಕಟ್ಟುಪಾಡನ್ನು ನಾವು ಸುಮ್ಮನೆ ಹಳಿಯಬಾರದು. ‘ನೀವು ಐರಿಷರು’ ಎಂದು ಅಲ್ಲಿಯ ಫುಟ್‌ಬಾಲ್ ಸಂಸ್ಥೆಯೇ ಮೊದಲು ಅವರನ್ನು ಹೊರಗಿಟ್ಟಿತ್ತು. ಪರಊರಲ್ಲಿ ಅವಮಾನ ಉಂಡ ಹುಡುಗರಿಗೆ ಆ ತಂಡ ತವರಿನ ಆಸರೆಯಾಯಿತು, ವಿಶ್ವಾಸದಲ್ಲಿ ನಿಲ್ಲಿಸಿತು. 1887ರಲ್ಲಿ ಅದೇ ತಂಡ ಡಂಬಾರ್ಟನ್ ತಂಡವನ್ನು 2–1ರಿಂದ ಸೋಲಿಸಿ ಸ್ಕಾಟಿಷ್ ಕಪ್ ಗೆದ್ದಿತು.

ಆ ಗೆಲುವು ಗ್ಲಾಸ್ಗೋ ನಗರದ ಕಥೋಲಿಕರನ್ನೂ ಹುರಿದುಂಬಿಸಿತು. ಅಲ್ಲಿ ಮಾರಿಸ್ಟ್ ಸಭೆಯ ಬ್ರದರ್ ವಾಲ್‌ಫ್ರಿಡ್, ಬಡಮಕ್ಕಳ ಊಟಕ್ಕೆ ಹಣ ಕೂಡಿಸಲೆಂದು, ಅದೇ ವರ್ಷ ಸೆಲ್ಟಿಕ್ ತಂಡವನ್ನು ಕಟ್ಟಿದರು. ಕಥೋಲಿಕರೇ ಆಡಬೇಕೆಂಬ ನಿಯಮವನ್ನು ಆ ತಂಡ ಮಾಡಲಿಲ್ಲ. ಹಿಬರ್ನಿಯನ್‌ನ ಹಲವು ಒಳ್ಳೆಯ ಆಟಗಾರರು 1888ರಲ್ಲಿ ಅಲ್ಲಿಗೆ ಹೊರಟುಹೋದರು.

ಮುಂದೆ ಇಳಿಗಾಲ. ಹಣದ ತೊಂದರೆ ಬಂತು, ಆಟದ ಮೈದಾನ ಕೈಬಿಟ್ಟಿತು. 1890ರಲ್ಲಿ ಆರಂಭವಾದ ಸ್ಕಾಟಿಷ್ ಲೀಗ್‌ಗೆ ತಂಡ ಸೇರಲಿಲ್ಲ. 1891ರಲ್ಲಿ ಫಾದರ್ ಹ್ಯಾನನ್ ತೀರಿಕೊಂಡರು. ಆ ವರ್ಷವೇ ತಂಡದ ಆಟವೂ ನಿಂತಿತು. ಆದರೆ ಕೆಲವರು ಕೈಚೆಲ್ಲಿ ಕೂರಲಿಲ್ಲ. ತಂಡವನ್ನು ಮತ್ತೆ ಕಟ್ಟಿ, 1893ರಲ್ಲಿ ಈಸ್ಟರ್ ರೋಡ್ ಮೈದಾನಕ್ಕೆ ತಂದರು. ಈ ಸಲ ಕಥೋಲಿಕ ಸಂಘದ ಸದಸ್ಯನೇ ಆಗಿರಬೇಕೆಂಬ ನಿಯಮ ಇರಲಿಲ್ಲ. 1902ರಲ್ಲಿ ಸೆಲ್ಟಿಕ್ ತಂಡವನ್ನೇ ಸೋಲಿಸಿ ಮತ್ತೆ ಕಪ್ ಗೆದ್ದರು. ಆಮೇಲೆ ಅದೇ ಕಪ್ಪಿಗಾಗಿ 114 ವರ್ಷ ಕಾಯಬೇಕಾಯಿತು. 2016ರಲ್ಲಿ ಅದು ಮರಳಿ ಕೈಗೆ ಬಂತು.

ಹಾಗಾದರೆ ಬಾಗಿಲು ತೆರೆದರೆ ಎಲ್ಲವೂ ಸರಿಯೇ? ಸೆಲ್ಟಿಕ್ ಕಥೆಯ ಉಳಿದ ಭಾಗವನ್ನೂ ನೋಡೋಣ. 1892ರಲ್ಲಿ ಬ್ರದರ್ ವಾಲ್‌ಫ್ರಿಡ್ ಅವರಿಗೆ ಲಂಡನ್ನಿಗೆ ವರ್ಗವಾಯಿತು. 1897ರಲ್ಲಿ ತಂಡ ಷೇರುದಾರರ ಕಂಪನಿಯಾಯಿತು. ಹೆಸರು ಬೆಳೆಯಿತು, ಆದರೆ ಯಾವ ಮಕ್ಕಳ ಊಟಕ್ಕಾಗಿ ತಂಡ ಹುಟ್ಟಿತೋ ಆ ಉದ್ದೇಶ ಹಿಂದೆ ಸರಿಯಿತು.

ಒಂದು ತಂಡಕ್ಕೆ ಬಾಗಿಲು ಕಿರಿದಾಯಿತು; ಇನ್ನೊಂದಕ್ಕೆ ಬಾಗಿಲು ಅಗಲವಿದ್ದರೂ ಒಳಗಿನ ದೀಪ ಮಂಕಾಯಿತು. ನಾವು ಎರಡರ ಬಗೆಗೂ ಎಚ್ಚರವಾಗಿರಬೇಕು. ಸಂತ ಪೌಲರು ಧರ್ಮಸಭೆಯನ್ನು ಹಲವು ಅಂಗಗಳುಳ್ಳ ಒಂದೇ ದೇಹಕ್ಕೆ ಹೋಲಿಸುತ್ತಾರೆ. ಕನ್ನಡ, ಮರಾಠಿ, ತೆಲುಗು ಎಂದು ಅಂಗಗಳು ಬೇರೆಯಾದರೂ ಉಸಿರು ಒಂದೇ. ಪಕ್ಕದ ಮನೆಯ ಹಿಂದೂ, ಮುಸ್ಲಿಂ ಹುಡುಗ ನಮ್ಮೊಡನೆ ಚೆಂಡು ಒದ್ದರೆ ನಮ್ಮ ವಿಶ್ವಾಸ ಸವೆಯುವುದಿಲ್ಲ. ಬಡವನನ್ನು ಮರೆತು ಬರೀ ಕಪ್ಪಿಗಾಗಿ ಆಡಿದರೆ ಮಾತ್ರ ಸವೆಯುತ್ತದೆ.

ಗುಂಪಿನಲ್ಲಿ ಚರ್ಚಿಸಿ:

1. ನಮ್ಮ ಸಂಘಗಳ ಯಾವ ನಿಯಮ ನಮ್ಮನ್ನು ಕಾಯುತ್ತಿದೆ? ಯಾವುದು ಬರೀ ಬೇರೆಯವರನ್ನು ಹೊರಗಿಡುತ್ತಿದೆ?

2. ಹಿರಿಯರೊಬ್ಬರು ಅಥವಾ ಗುರುಗಳು ಹೋದ ಮೇಲೂ ಕೆಲಸ ನಿಲ್ಲದಿರಲು ಈಗಲೇ ಯಾರನ್ನು ತಯಾರು ಮಾಡಬೇಕು?

3. ನಮ್ಮ ಆಟದಿಂದ, ಹಾಡಿನಿಂದ ಈ ವರ್ಷ ಯಾವ ಬಡ ಮನೆಗೆ ನೆರವಾಗಬಹುದು?