ವಿಜ್ಞಾನೋದ್ಯಾನಗಳೂ ಅಳತೆಗೋಲೂ

ಬ್ಯಾಡಗಿಯ ಪೇಟೆಯಲ್ಲಿ ಮೆಣಸಿನಕಾಯಿಯ ಚೀಲ ಬಿಚ್ಚಿದೊಡನೆ ವ್ಯಾಪಾರಿಯ ಕಣ್ಣು ಹೋಗುವುದು ಅದರ ಬಣ್ಣದ ಕಡೆಗೆ. ಖಾರವೊಂದನ್ನೇ ಗುಣವೆಂದು ಬಗೆದು ಅಳೆಯಹೊರಟವನು ನಮ್ಮ ಕಾಯಿಯನ್ನು ಗುಂಟೂರಿನ ಕಾಯಿಗಿಂತ ಕೀಳೆಂದು ತೀರ್ಮಾನಿಸಿಯಾನು. ಆದರೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಈ ಕಾಯಿಗೆ ಬೆಲೆ ಬರುವುದು ಅದರ ಕಡುಗೆಂಪಿನಿಂದ. ಹಾಗೆ ತೀರ್ಮಾನಿಸಿದಲ್ಲಿ ತಪ್ಪು ಕಾಯಿಯದಲ್ಲ, ಅಳತೆಗೋಲಿನದು. ಈ ಮಾತು ಉದ್ಯಮಗಳಿಗೂ ಸಲ್ಲುತ್ತದೆ ಎಂಬುದನ್ನು ತೋರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ವಿಶ್ವವಿದ್ಯಾಲಯದ ಆವರಣದಲ್ಲಿಯೋ ಅದರ ಮಗ್ಗುಲಲ್ಲಿಯೋ ಜಾಗ ಕೊಟ್ಟು, ಸಂಶೋಧನೆಯನ್ನು ನೆಚ್ಚಿದ ಹೊಸ ಉದ್ಯಮಗಳನ್ನು ಸಾಕಿ ಬೆಳೆಸುವ ನೆಲೆಗಳಿಗೆ ಸಾಯನ್ಸ್ ಪಾರ್ಕ್ ಎಂದು ಹೆಸರು. ಇಲ್ಲಿ ಅವನ್ನು ವಿಜ್ಞಾನೋದ್ಯಾನಗಳೆಂದು ಕರೆದಿದ್ದೇನೆ. ಅಮೇರಿಕೆಯ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯವು 1951ರಲ್ಲಿ ತನ್ನ ಭೂಮಿಯ ಒಂದು ಭಾಗವನ್ನು ಇಂಥ ಕಾರ್ಯಕ್ಕೆ ತೆರೆಯಿತು. 1970ರಲ್ಲಿ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜು ಅದೇ ಹಾದಿ ಹಿಡಿಯಿತು. ನಮ್ಮ ದೇಶದಲ್ಲಿ ಕೇಂದ್ರ ಸರಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯು 1984ರಲ್ಲಿ ‘ಸ್ಟೆಪ್’ ಎಂಬ ಯೋಜನೆಯನ್ನು ಆರಂಭಿಸಿತು. ಅದರ ಫಲವಾಗಿ ಕರ್ನಾಟಕದಲ್ಲಿ ಮೈಸೂರು, ಸುರತ್ಕಲ್ ಹಾಗೂ ಬಾಗಲಕೋಟೆಯ ಎಂಜಿನಿಯರಿಂಗ್ ವಿದ್ಯಾಲಯಗಳಲ್ಲಿ ಇಂಥ ಕೇಂದ್ರಗಳು ಹುಟ್ಟಿಕೊಂಡವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1991ರಿಂದ ಇದೇ ಬಗೆಯ ಕಾರ್ಯಕ್ಕೆಂದು ಒಂದು ಸಂಘವಿದೆ.

ಸಾರ್ವಜನಿಕರ ಹಣ, ಸಾರ್ವಜನಿಕರ ಭೂಮಿ ಇದರಲ್ಲಿ ತೊಡಗುವುದರಿಂದ, ಅಲ್ಲಿಯ ಉದ್ಯಮಗಳು ಎಷ್ಟರಮಟ್ಟಿಗೆ ಏಳಿಗೆ ಹೊಂದಿದವು ಎಂದು ಕೇಳುವುದು ನ್ಯಾಯವಾದದ್ದೇ. ಸಾಮಾನ್ಯವಾಗಿ ದೊರೆಯುವ ಉತ್ತರ, ಇಷ್ಟು ಉದ್ಯಮಗಳು ಸೇರಿದವು, ಇಷ್ಟು ಕೋಟಿಯ ವ್ಯಾಪಾರವಾಯಿತು ಎಂಬುದು. ಈ ಉತ್ತರ ಸುಳ್ಳಲ್ಲ, ಆದರೆ ಅಪೂರ್ಣ. ಅದನ್ನು ಪೂರ್ಣಗೊಳಿಸಲು ನಾಲ್ಕು ಪ್ರಶ್ನೆಗಳನ್ನು ಕೇಳಬೇಕಾಗುತ್ತದೆ.

ಮೊದಲನೆಯದು, ಏನನ್ನು ಅಳೆಯಬೇಕು? ಮಾರಾಟ, ಲಾಭ, ಕೆಲಸಗಾರರ ಸಂಖ್ಯೆ, ಪೇಟೆಂಟುಗಳು, ಬದುಕುಳಿದ ವರ್ಷಗಳು, ಇವೆಲ್ಲವೂ ಅಳತೆಗಳೇ; ಆದರೆ ಒಂದು ಹೇಳಿದ್ದನ್ನು ಇನ್ನೊಂದು ಹೇಳುವುದೆಂಬ ನಿಯಮವಿಲ್ಲ. ಲಾಫ್‌ಸ್ಟೆನ್ ಮತ್ತು ಲಿಂಡೆಲಾಫ್ ಎಂಬ ಸಂಶೋಧಕರು ಸ್ವೀಡನ್ ದೇಶದಲ್ಲಿ 273 ಉದ್ಯಮಗಳನ್ನು ಅಭ್ಯಸಿಸಿ 2002ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಅವುಗಳಲ್ಲಿ 134 ಉದ್ಯಾನದ ಒಳಗಿನವು, 139 ಹೊರಗಿನವು. ಮಾರಾಟದಲ್ಲಿಯೂ ಉದ್ಯೋಗದಲ್ಲಿಯೂ ಒಳಗಿನವು ಹೆಚ್ಚು ವೇಗವಾಗಿ ಬೆಳೆದಿದ್ದವು. ಲಾಭದಲ್ಲಿ ಮಾತ್ರ ಅಂಥ ಅಂತರ ಕಾಣಲಿಲ್ಲ. ಮಾರಾಟವನ್ನು ನೋಡಿದವನು ಉದ್ಯಾನ ಗೆದ್ದಿತೆನ್ನುವನು. ಲಾಭವನ್ನು ನೋಡಿದವನು ಗೆಲವೆಲ್ಲಿ ಎಂದು ಕೇಳುವನು. ಇಬ್ಬರ ಮುಂದಿರುವುದೂ ಅವೇ ಉದ್ಯಮಗಳು!

ಎರಡನೆಯದು, ಯಾವುದರೊಡನೆ ಹೋಲಿಸಬೇಕು? ಇದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ನಮ್ಮ ಹನುಮನಮಟ್ಟಿಯಲ್ಲಿರುವಂಥ ಕೃಷಿ ಸಂಶೋಧನಾ ಕೇಂದ್ರಗಳಲ್ಲಿ ಹೊಸ ತಳಿಯನ್ನು ಪರೀಕ್ಷಿಸುವ ಕ್ರಮವನ್ನು ನೆನೆದರೆ ಸಾಕು. ಹೊಸದನ್ನು ಒಂಟಿಯಾಗಿ ಬಿತ್ತಿ, ಬೆಳೆ ಚೆನ್ನಾಗಿ ಬಂತೆಂದು ಅಲ್ಲಿ ಯಾರೂ ಬೀಗುವುದಿಲ್ಲ. ಅದೇ ಮಣ್ಣಿನಲ್ಲಿ, ಅದೇ ಮಳೆಗೆ, ಅದೇ ಗೊಬ್ಬರಕ್ಕೆ ಹಳೆಯ ತಳಿಯನ್ನೂ ಮಗ್ಗುಲಿಗೇ ಬಿತ್ತುತ್ತಾರೆ. ಒಂದೇ ಮಡಿಯನ್ನು ನಂಬದೆ ಹಲವು ಮಡಿಗಳಲ್ಲಿ ಪ್ರಯೋಗ ನಡೆಸುತ್ತಾರೆ. ಎರಡರ ಇಳುವರಿಯ ಅಂತರವೇ ಹೊಸ ತಳಿಯ ಯೋಗ್ಯತೆ.

ವಿಜ್ಞಾನೋದ್ಯಾನದಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಏಕೆಂದರೆ ಅಲ್ಲಿಗೆ ಬರುವವರನ್ನು ಪರೀಕ್ಷಿಸಿ, ಭರವಸೆ ತೋರಿದವರನ್ನೇ ಒಳಗೆ ಬಿಟ್ಟುಕೊಳ್ಳುತ್ತಾರೆ. ಆರಿಸಿದ ಬೀಜವನ್ನು ಎರೆಹೊಲದಲ್ಲಿ ಬಿತ್ತಿ, ಆಮೇಲೆ ಬೆಳೆಯ ಹಿರಿಮೆಯನ್ನೆಲ್ಲ ಬೇಲಿಗೆ ಕೊಟ್ಟರೆ ಹೇಗೆ? ಅಲ್ಲದೆ ಕಡಿಮೆ ಬಾಡಿಗೆ, ಸರಕಾರದ ಅನುದಾನ ಮುಂತಾದ ಅನುಕೂಲಗಳೂ ಒಳಗಿನವರಿಗೆ ದೊರೆಯುತ್ತವೆ. ಲಾಭವನ್ನು ಎಣಿಸುವಾಗ ಆ ನೆರವನ್ನೂ ಎದುರು ಪುಟದಲ್ಲಿ ಬರೆಯಬೇಕು. ಆದ್ದರಿಂದ ಪ್ರತಿಯೊಂದು ಉದ್ಯಮಕ್ಕೂ ಅದೇ ವಯಸ್ಸಿನ, ಅದೇ ಕಸುಬಿನ, ಹೆಚ್ಚುಕಡಿಮೆ ಅದೇ ಗಾತ್ರದ ಹೊರಗಿನ ಉದ್ಯಮವೊಂದನ್ನು ಜೊತೆಗಿಟ್ಟು ನೋಡುವುದೇ ಸರಿಯಾದ ವಿಧಾನ.

ಇಂಗ್ಲೆಂಡಿನಲ್ಲಿ ವೆಸ್ಟ್‌ಹೆಡ್ ಮತ್ತು ಸ್ಟೋರಿ ಎಂಬುವರು ಇದೇ ಕ್ಷೇತ್ರದಲ್ಲಿ ಕೆಲಸ ಮಾಡಿ 1995ರಲ್ಲಿ ಒಂದು ಸ್ವಾರಸ್ಯಕರ ಸಂಗತಿಯನ್ನು ಮುಂದಿಟ್ಟರು. ಉದ್ಯಾನದೊಳಗೆ ಇದ್ದೂ ವಿಶ್ವವಿದ್ಯಾಲಯದೊಡನೆ ನಿಜವಾದ ಸಂಬಂಧವನ್ನಿಟ್ಟುಕೊಂಡ ಉದ್ಯಮಗಳಲ್ಲಿ ನೂರಕ್ಕೆ 72 ಬದುಕುಳಿದಿದ್ದವು. ಅಂಥ ಸಂಬಂಧವಿಲ್ಲದವುಗಳಲ್ಲಿ ನೂರಕ್ಕೆ 53 ಮಾತ್ರ. ಬರಿಯ ವಿಳಾಸಕ್ಕಿಂತ ಬಳಕೆ ಮುಖ್ಯವೆಂಬುದಕ್ಕೆ ಇದೊಂದು ಬಲವಾದ ಸೂಚನೆ. ಬಾವಿಯ ದಂಡೆಯ ಮೇಲೆ ಮನೆಯಿದ್ದರಾಯಿತೇ? ನೀರು ಸೇದಬೇಕಷ್ಟೆ!

ಮೂರನೆಯದು, ಯಾವಾಗ ಅಳೆಯಬೇಕು? ಭಾರತೀಯ ವಿಜ್ಞಾನ ಸಂಸ್ಥೆಯ ನಾಲ್ವರು ಪ್ರಾಧ್ಯಾಪಕರು 2000ದಲ್ಲಿ ಸ್ಟ್ರ್ಯಾಂಡ್ ಎಂಬ ಕಂಪನಿಯನ್ನು ಸ್ಥಾಪಿಸಿದರು. ಜೀವವಿಜ್ಞಾನಕ್ಕೆ ಬೇಕಾದ ಗಣಕ ತಂತ್ರಾಂಶ ಅದರ ಮೊದಲ ಕಸುಬು. ಮುಂದೆ ಅದು ವಂಶವಾಹಿಗಳ ಪರೀಕ್ಷೆಯ ಕಡೆಗೆ ಹೊರಳಿತು. 2021ರಲ್ಲಿ ರಿಲಯನ್ಸ್ ಸಮೂಹದ ಒಂದು ಸಂಸ್ಥೆ ಅದರ ಬಹುಪಾಲು ಷೇರುಗಳನ್ನು 393 ಕೋಟಿ ರೂಪಾಯಿಗೆ ಕೊಂಡಿತು. ನಡುವಿನ ಕಾಲ 21 ವರ್ಷ. ಮೂರನೆಯ ವರ್ಷಕ್ಕೇ ಲೆಕ್ಕ ಮುಗಿಸಿ ಷರಾ ಬರೆದವನಿಗೆ ಈ ಪೈಕಿ ಎಷ್ಟು ಕಂಡೀತು? ಹೆಸರಿನ ಬೆಳೆಗೂ ಮಾವಿನ ಗಿಡಕ್ಕೂ ಒಂದೇ ವಾಯಿದೆ ಹಾಕಲು ಬರುವುದಿಲ್ಲ. ಹಾಗೆಂದು ಹತ್ತಾರು ವರ್ಷ ಕಡಿಮೆ ಬಾಡಿಗೆಯಲ್ಲಿಯೇ ಕುಳಿತವರನ್ನು ಬಾಳಿದವರೆಂದು ಎಣಿಸುವುದೂ ಸಲ್ಲದು. ಸಸಿಮಡಿಯಿಂದ ಕಿತ್ತು ನೆಟ್ಟ ಮೇಲೆ ನಿಂತಿತೇ ಎಂಬುದೇ ಸಸಿಯ ಪರೀಕ್ಷೆ.

ಇನ್ನು ನಾಲ್ಕನೆಯ ಪ್ರಶ್ನೆ, ಯಾರ ಪಾಲಿಗೆ ಎಷ್ಟು? ಇದನ್ನು ಹೇಳಲು ನಮ್ಮ ಊರಿಗೇ ಬರಬೇಕು. ರಾಣೆಬೆನ್ನೂರು ಬೀಜದ ಉದ್ಯಮಕ್ಕೆ ಹೆಸರಾದದ್ದು ಎಲ್ಲರಿಗೂ ಗೊತ್ತು. ಇಲ್ಲಿ ಯಾವ ವಿಜ್ಞಾನೋದ್ಯಾನದ ಬೇಲಿಯೂ ಇರಲಿಲ್ಲ. ಆದರೆ ವಿಜ್ಞಾನದ ಸಂಬಂಧ ಇರಲಿಲ್ಲವೆನ್ನುವಂತಿಲ್ಲ. 1972ರಲ್ಲಿ ಧಾರವಾಡದಲ್ಲಿ ಡಾ. ಬಿ. ಎಚ್. ಕಟರಕಿಯವರು ‘ವರಲಕ್ಷ್ಮಿ’ ಎಂಬ ಸಂಕರಣ ಹತ್ತಿಯನ್ನು ಹೊರತಂದರು. 1981ರಲ್ಲಿ ಧಾರವಾಡದಿಂದಲೇ ಡಿಸಿಎಚ್-32 ಬಂತು. ಇಂಥ ಹತ್ತಿಯ ಬೀಜವನ್ನು ಪ್ರತಿ ವರ್ಷ ಕೈಯಿಂದಲೇ ಕೂಡಿಸಿ ತಯಾರಿಸಬೇಕು. ಸಂಜೆ ಮೊಗ್ಗಿನ ಕೇಸರ ತೆಗೆದು, ಮರುದಿನ ಮುಂಜಾನೆ ಗಂಡುಹೂವಿನ ಪರಾಗವನ್ನು ಮುಟ್ಟಿಸುವ ಆ ಕೆಲಸಕ್ಕೆ ನಮ್ಮ ಕಡೆ ‘ಕ್ರಾಸಿಂಗ್’ ಎನ್ನುತ್ತಾರೆ. ತರಕಾರಿ ಬೀಜಗಳಲ್ಲಿಯೂ ಇದೇ ಬಗೆಯ ಕೈಕೆಲಸವುಂಟು.

ನನ್ನ ತಾಯಿ ಅನೇಕ ವರ್ಷ ಈ ಕೆಲಸಕ್ಕೆ ಹೋಗಿದ್ದಾರೆ. ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆದರೆ ಯಾವ ಮೊಗ್ಗು ನಾಳೆ ಅರಳುವುದೆಂದು ನೋಡಿದೊಡನೆ ಹೇಳಬಲ್ಲರು. ಆ ಕೂಲಿಯಿಂದಲೇ ನಾನು ಬಿ.ಎ. ಕೊನೆಯ ವರ್ಷದವರೆಗೆ ಬಂದಿದ್ದೇನೆ. ಈ ಲೇಖನಕ್ಕಾಗಿ ಓದುತ್ತಿದ್ದಾಗ ಒಂದು ಸಂಜೆ ಅವರಿಗೆ ವಿಷಯವನ್ನು ವಿವರಿಸಿದೆ. ಎಲ್ಲವನ್ನೂ ಕೇಳಿಸಿಕೊಂಡು, “ಆ ಲೆಕ್ಕದಾಗ ನಮ್ಮನ್ನ ಎಲ್ಲಿ ಬರೀತಾರ?” ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ‘ಉದ್ಯೋಗ’ ಎಂಬ ಒಂದೇ ಸಾಲಿನಲ್ಲಿ ವರ್ಷವಿಡೀ ಸಂಬಳ ಪಡೆಯುವ ವಿಜ್ಞಾನಿಯೂ ಹಂಗಾಮಿನ ಕೂಲಿಯೂ ಒಂದೊಂದು ಅಂಕಿಯಾಗಿ ನಿಲ್ಲಬಹುದು. ಅಥವಾ ಎರಡನೆಯವರು ಲೆಕ್ಕಕ್ಕೇ ಬಾರದಿರಬಹುದು. ಕಂಪನಿಯ ಏಳಿಗೆಯೂ ಊರಿನ ಏಳಿಗೆಯೂ ಜೊತೆಯಾಗಿ ನಡೆದವೇ ಎಂಬುದು ಮಾರಾಟದ ಮೊತ್ತದಿಂದ ತಿಳಿಯದು. ಎಷ್ಟು ತಿಂಗಳ ಕೆಲಸ, ಎಷ್ಟು ಕೂಲಿ, ಅವರ ಮಕ್ಕಳು ಮುಂದೆ ಯಾವ ಕೆಲಸಕ್ಕೆ ಏರಿದರು, ಇವನ್ನೂ ಬರೆದಿಡಬೇಕು.

ಇಂದು ಧಾರವಾಡದ ಕೃಷಿ ವಿಶ್ವವಿದ್ಯಾಲಯವು ಕೃಷಿಯ ಹೊಸ ಉದ್ಯಮಗಳಿಗೆ ನೆರವಾಗುತ್ತಿದೆ. ನಾಳೆ ನಮ್ಮ ಜಿಲ್ಲೆಯಲ್ಲಿಯೇ ಒಂದು ವಿಜ್ಞಾನೋದ್ಯಾನ ತಲೆಯೆತ್ತಿದರೆ ಸಂತೋಷಪಡುವವರಲ್ಲಿ ನಾನೇ ಮೊದಲಿಗನು. ಓದು ಮುಗಿದೊಡನೆ ಬೆಂಗಳೂರಿನ ಬಸ್ಸು ಹತ್ತುವುದೊಂದೇ ದಾರಿಯಾಗಬಾರದೆಂಬುದು ನನ್ನ ವಾರಿಗೆಯವರೆಲ್ಲರ ಆಸೆ. ಆದರೆ ಕಟ್ಟಡದ ಅಡಿಗಲ್ಲಿನ ದಿನವೇ ಲೆಕ್ಕದ ವಹಿಯನ್ನೂ ತೆರೆಯಬೇಕು. ಆರಂಭದ ಸ್ಥಿತಿಯನ್ನು ಬರೆದಿಡದಿದ್ದರೆ ಐದು ವರ್ಷಗಳ ತರುವಾಯ ಬದಲಾವಣೆಯನ್ನು ಕಾಣುವುದು ಅಸಾಧ್ಯ.

ಇದು ವಿಜ್ಞಾನದ ವಿಷಯ, ಕಲಾ ವಿದ್ಯಾರ್ಥಿಗೆ ಇದರಲ್ಲೇನು ಕೆಲಸ ಎಂದು ಕೆಲವು ಮಿತ್ರರು ಕೇಳಿದ್ದುಂಟು. ತಳಿಯನ್ನು ತಯಾರಿಸುವುದು ವಿಜ್ಞಾನಿಯ ಕೆಲಸವಿರಬಹುದು. ಆದರೆ ಅದರಿಂದ ಯಾರ ಮನೆಯಲ್ಲಿ ಏನು ಬದಲಾಯಿತೆಂದು ಕೇಳಿ ಬರೆಯುವುದು ಅರ್ಥಶಾಸ್ತ್ರ, ಸಮಾಜಶಾಸ್ತ್ರ ಓದಿದ ನಮ್ಮ ಕೆಲಸ. ನಮ್ಮ ಕಾಲೇಜಿನ ವಿದ್ಯಾರ್ಥಿಗಳು ಒಂದು ರಜೆಯಲ್ಲಿ ಸುತ್ತಲಿನ ನಾಲ್ಕು ಹಳ್ಳಿಗಳಿಗೆ ಹೋಗಿ, ಬೀಜದ ಹೊಲಗಳಲ್ಲಿ ದುಡಿಯುವವರ ಕೆಲಸದ ದಿನಗಳನ್ನೂ ಕೂಲಿಯನ್ನೂ ಬರೆದುಕೊಂಡು ಬಂದರೆ ಒಳ್ಳೆಯ ಆರಂಭವಾದೀತು. ಮೊದಲ ಪುಟದಲ್ಲಿ ಯಾರ ಹೆಸರು ಬರೆಯಬೇಕೆಂಬುದು ನನಗೆ ಈಗಾಗಲೇ ಗೊತ್ತಿದೆ.