ಗೆಳೆತನದ ನೂಲು

ಶ್ರಾವಣ ಮಾಸದ ಹುಣ್ಣಿಮೆಯನ್ನು ಉತ್ತರ ಕರ್ನಾಟಕದ ಜನರು ನೂಲಹುಣ್ಣಿಮೆಯೆಂದು ಕರೆಯುತ್ತಾರೆ. ಜನಿವಾರ ಧರಿಸುವ ಮನೆತನಗಳಲ್ಲಿ ಅಂದು ಹಳೆಯ ನೂಲು ಇಳಿದು ಹೊಸ ನೂಲು ಏರುತ್ತದೆ. ಅಕ್ಕತಂಗಿಯರು ಅಣ್ಣತಮ್ಮಂದಿರ ಕೈಗೆ ರಾಖಿ ಕಟ್ಟುತ್ತಾರೆ. ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನಲ್ಲಿರುವ ದೋರನಹಳ್ಳಿಯ ಸೀಮೆಯಲ್ಲಿ ನೂಲಿನ ಮಹಿಮೆ ಆ ಒಂದು ದಿನಕ್ಕೇ ಮುಗಿಯುವುದಿಲ್ಲ. ಮಗುವಿನ ನಡುವಿಗೆ ಉಡದಾರ, ಮದುಮಕ್ಕಳ ಮುಂಗೈಗೆ ಅರಿಸಿನದ ಕೊಂಬಿನ ಕಂಕಣ, ಮೊಹರಮ್ಮಿನಲ್ಲಿ ಹರಕೆ ಹೊತ್ತವರ ಕೊರಳಿಗೆ ಬಣ್ಣದ ಲಾಡಿ. ಲಾಡಿ ಧರಿಸಿ ಫಕೀರರಾಗುವವರಲ್ಲಿ ಮುಸಲ್ಮಾನರಂತೆ ಹಿಂದೂಗಳೂ ಇರುವುದು ಇಲ್ಲಿನ ಹಳೆಯ ರೂಢಿ. ನೆರೆಯ ಮರಾಠಿಯಲ್ಲಿ ದೋರಾ ಎಂದರೆ ದಾರ. ಊರಿನ ಹೆಸರು ಅದರಿಂದಲೇ ಬಂದಿತೆಂದು ಸಾಧಿಸಹೊರಡುವುದು ಸಲ್ಲದು. ಆದರೂ ನೂಲಿನ ಮಾತಿಗೆ ದೋರನಹಳ್ಳಿಯೆಂಬ ಹೆಸರು ಚೆನ್ನಾಗಿಯೇ ಒಪ್ಪುತ್ತದೆ.

ಈ ದಾರಗಳಿಗೆಲ್ಲ ಒಂದೊಂದು ಕಟ್ಟಳೆಯುಂಟು. ಇದನ್ನು ಇಂಥವರು ಇಂಥವರಿಗೆ ಇಂಥ ದಿನವೇ ಕಟ್ಟಬೇಕೆಂದು ಹಿರಿಯರು ಗೊತ್ತುಮಾಡಿದ್ದಾರೆ. ಆ ಕಟ್ಟಳೆಯನ್ನು ಹಿಗ್ಗಿಸಿದವರೂ ಉಂಟು. 1905ರಲ್ಲಿ ಬ್ರಿಟಿಷ್ ಸರ್ಕಾರ ಬಂಗಾಳ ಪ್ರಾಂತವನ್ನು ಎರಡಾಗಿ ಒಡೆಯಿತು. ವಿಭಜನೆ ಜಾರಿಗೆ ಬಂದ ಅಕ್ಟೋಬರ್ 16ರಂದು ರವೀಂದ್ರನಾಥ ಠಾಕೂರರು ಕಲ್ಕತ್ತೆಯ ಬೀದಿಗಿಳಿದು ಎದುರಾದವರ ಕೈಗೆ ರಾಖಿ ಕಟ್ಟುತ್ತ ನಡೆದರು. ಹಿಂದೂಗಳೂ ಮುಸಲ್ಮಾನರೂ ಒಬ್ಬರಿಗೊಬ್ಬರು ನೂಲು ಕಟ್ಟಲೆಂಬುದು ಅವರ ಕರೆಯಾಗಿತ್ತು. 1911ರಲ್ಲಿ ಆ ವಿಭಜನೆ ರದ್ದಾಯಿತು. ನೂಲಿನಿಂದಲೇ ಅದು ರದ್ದಾಯಿತೆಂದು ಯಾರೂ ಹೇಳಲಾರರು. ಆದರೆ ಅಂದು ಅಪರಿಚಿತರ ಮುಂದೆ ಕೈ ಚಾಚಿದವರು ಅದನ್ನು ಮರೆತಿರಲಾರರು.

ಗೆಳೆಯರು ಪರಸ್ಪರ ಕಟ್ಟುವ ಬಣ್ಣದ ಪಟ್ಟಿ ನಮ್ಮ ಶಾಲೆಗಳಿಗೆ ಈಚೆಗೆ ಬಂದದ್ದು. ಗ್ವಾಟೆಮಾಲ ಮೊದಲಾದ ಮಧ್ಯ ಅಮೆರಿಕದ ನಾಡುಗಳ ಗಂಟಿನ ಕಸುಬಿಗೂ ಇದಕ್ಕೂ ನಂಟುಂಟು. 1980ರ ದಶಕದಲ್ಲಿ ಇದು ಅಮೆರಿಕ ಸಂಯುಕ್ತ ಸಂಸ್ಥಾನದ ಮಕ್ಕಳಲ್ಲಿ ಹೆಚ್ಚು ಬಳಕೆಗೆ ಬಂದಿತು. ವಿಶ್ವಸಂಸ್ಥೆ 2011ರಲ್ಲಿ ಜುಲೈ 30ನ್ನು ಗೆಳೆತನದ ದಿನವೆಂದು ಸಾರಿತು. ಭಾರತದಲ್ಲಿ ಆಗಸ್ಟ್ ತಿಂಗಳ ಮೊದಲ ಭಾನುವಾರ ಅದನ್ನು ಆಚರಿಸುವುದುಂಟು. ಆ ದಿನಗಳಲ್ಲಿ ಅಂಗಡಿಗಳ ಮುಂದೆ ರಬ್ಬರಿನ ಪಟ್ಟಿಗಳು ತೂಗಾಡುತ್ತವೆ. ಹಣ ಕೊಟ್ಟರೆ ಕ್ಷಣದಲ್ಲಿ ಹತ್ತು ಕೈಸೇರುತ್ತವೆ. ಹಾಗೆ ಕೊಂಡ ಹತ್ತು ಪಟ್ಟಿಗಳಿಗಿಂತ ಕೈಯಿಂದ ಹೆಣೆದ ಒಂದು ಪಟ್ಟಿ ಮೇಲು. ಹೆಣೆಯುವಷ್ಟು ಹೊತ್ತೂ ಗೆಳೆಯನ ನೆನಪು ಬೆರಳ ತುದಿಯಲ್ಲಿಯೇ ಇರುತ್ತದೆ.

ಹೆಣಿಗೆಗೆ ಬೇಕಾದುದು ಅತಿ ಸ್ವಲ್ಪ. ಕಸೂತಿಗೆ ಬಳಸುವ ಹತ್ತಿಯ ದಾರ ಇದಕ್ಕೆ ಉತ್ತಮ. ಕೆಂಪು, ಹಳದಿ, ಹಸಿರು ಎಂಬ ಮೂರು ಬಣ್ಣಗಳಿಂದ ಎರಡೆರಡು ಎಳೆ ಕತ್ತರಿಸಿಕೊಳ್ಳಬೇಕು. ಒಂದೊಂದು ಎಳೆಯೂ ಎರಡು ಮೊಳ, ಎಂದರೆ ಸುಮಾರು 90 ಸೆಂಟಿಮೀಟರು ಉದ್ದವಿರಲಿ. ಎಂಟು ಮೀಟರಿನ ಒಂದೊಂದು ಲಡಿ ತಂದರೆ ನಾಲ್ಕು ಪಟ್ಟಿಗಳಿಗೆ ಸಾಕಾಗಿ ತುಸು ಮಿಗುತ್ತದೆ. ಆರೂ ಎಳೆಗಳನ್ನು ಕೂಡಿಸಿ, ತುದಿಯಿಂದ ಒಂದು ಗೇಣು ಬಿಟ್ಟು ಗಂಟು ಹಾಕಿ, ಆ ಗಂಟನ್ನು ಪಿನ್ನಿನಿಂದ ಪಾಟೀಚೀಲಕ್ಕೆ ಸಿಕ್ಕಿಸಿಕೊಂಡರೆ ಎರಡೂ ಕೈ ಬಿಡುವಾಗುತ್ತವೆ. ಒಂದೇ ಬಣ್ಣದ ಎಳೆಗಳು ಅಕ್ಕಪಕ್ಕದಲ್ಲಿರುವಂತೆ ಹರಡಿಕೊಳ್ಳಬೇಕು.

ಇನ್ನು ಗಂಟು. ಎಡತುದಿಯ ಎಳೆಯನ್ನು ಅದರ ಪಕ್ಕದ ಎಳೆಯ ಮೇಲೆ ಅಡ್ಡ ಹಾಯಿಸಿದರೆ ಅಂಕಿ 4ರ ಆಕಾರ ಮೂಡುತ್ತದೆ. ಅಡ್ಡ ಹಾಯ್ದ ಎಳೆಯ ತುದಿಯನ್ನು ಪಕ್ಕದ ಎಳೆಯ ಅಡಿಯಿಂದ ತಂದು, ನಡುವಿನ ಕಿಂಡಿಯೊಳಗಿಂದ ಹೊರಗೆಳೆದು, ಮೇಲಕ್ಕೆ ಜಗ್ಗಬೇಕು. ಗಂಟು ಜಾರಿ ಮೇಲೇರಿ ಕೂರುತ್ತದೆ. ಅದೇ ಎಳೆಯ ಮೇಲೆ ಇದನ್ನೇ ಮತ್ತೊಮ್ಮೆ ಮಾಡಬೇಕು. ಎರಡು ಸೇರಿದರೆ ಮಾತ್ರ ಗಂಟು ನಿಲ್ಲುತ್ತದೆ. ಅನಂತರ ಎಡದಿಂದ ಹೊರಟ ಆ ಎಳೆಯೇ ಮೂರನೆಯದನ್ನು, ನಾಲ್ಕನೆಯದನ್ನು ಸುತ್ತುತ್ತ ಬಲತುದಿಗೆ ಹೋಗಿ ಸೇರುತ್ತದೆ. ಅಲ್ಲಿಗೆ ಒಂದು ಓರೆ ಸಾಲು ಮುಗಿಯಿತು. ಈಗ ಎಡತುದಿಗೆ ಬಂದ ಎಳೆಯ ಸರದಿ. ಹೀಗೆ ಆರು ಸಾಲು ಮುಗಿದಾಗ ಎಲ್ಲ ಎಳೆಗಳೂ ಹೊರಟ ಸ್ಥಾನಕ್ಕೆ ಮರಳಿರುತ್ತವೆ. ಒಂದು ಸಾಲಿಗೆ ಹತ್ತು ಸುತ್ತು. ಐವತ್ತು ಸಾಲು ಹೆಣೆದರೆ ಐನೂರು ಸುತ್ತು ಬೆರಳಿನಿಂದ ದಾಟಿದಂತಾಯಿತು.

ಹೊಸಬರ ಪಟ್ಟಿಯಲ್ಲಿ ಕೆಂಪು ಸಾಲಿನ ನಡುವೆ ಹಳದಿ ಚುಕ್ಕೆ ಇಣುಕುವುದುಂಟು. ಇದಕ್ಕೆ ಕಾರಣ ಹಿಡಿತ. ಸುತ್ತಿಸಿಕೊಳ್ಳುವ ಎಳೆ ಸೆಟೆದು ನಿಂತಿರಬೇಕು, ಸುತ್ತುವ ಎಳೆ ಮಾತ್ರ ಬಾಗಬೇಕು. ನಿಂತ ಎಳೆ ಸಡಿಲಾದರೆ ಅದೇ ಬಾಗಿ ತನ್ನ ಬಣ್ಣವನ್ನು ತೋರಿಸಿಬಿಡುತ್ತದೆ. ಅಂಥ ಗಂಟನ್ನು ಸೂಜಿಮೊನೆಯಿಂದ ಬಿಡಿಸಿ ಮತ್ತೆ ಹಾಕುವುದೇ ದಾರಿ. ಪಟ್ಟಿ ತುಸು ತಿರುಚಿಕೊಳ್ಳುವುದಾದರೋ ತಪ್ಪಲ್ಲ, ಆ ಗಂಟಿನ ಸ್ವಭಾವ. ಒದ್ದೆ ಕೈಯಿಂದ ಸವರಿ ಒಂದು ರಾತ್ರಿ ಚಾಪೆಯ ಕೆಳಗಿಟ್ಟರೆ ಸಮನಾಗುತ್ತದೆ.

ಮುಂಗೈಯನ್ನು ಬಳಸುವಷ್ಟು ಉದ್ದವಾದ ಮೇಲೆ ಉಳಿದ ಎಳೆಗಳನ್ನು ಜಡೆಯಂತೆ ಹೆಣೆದು ಗಂಟು ಹಾಕಿದರೆ ಕೆಲಸ ಮುಗಿಯಿತು. ಆದರೆ ಇದನ್ನು ಕಟ್ಟಿಕೊಳ್ಳಲು ಹೊರಟವನಿಗೆ ಒಂದು ವಿಷಯ ತಿಳಿಯುತ್ತದೆ. ಐನೂರು ಸುತ್ತು ಸುತ್ತಿದ ಕೈಗೆ ತನ್ನದೇ ಮುಂಗೈಯ ಮೇಲೆ ಒಂದು ಗಂಟು ಬಿಗಿಯುವುದು ದುಸ್ತರ. ಒಂದು ಕೈ ಪಟ್ಟಿಯೊಳಗೆ ಸಿಕ್ಕಿರುತ್ತದೆ, ಇನ್ನೊಂದು ಕೈಯೊಂದರಿಂದಲೇ ಗಂಟು ಏಳದು. ಇನ್ನೊಬ್ಬರ ಎರಡು ಕೈ ಬೇಕು. ಅವರು ಯಾವ ಓಣಿಯವರು, ಯಾರ ಮನೆಯವರು ಎಂಬುದನ್ನು ನೂಲು ಕೇಳುವುದಿಲ್ಲ. ಕಟ್ಟುವಾಗ ಪಟ್ಟಿಯ ಕೆಳಗೆ ಒಂದು ಬೆರಳು ಆಡುವಷ್ಟು ಸಡಿಲ ಬಿಡಬೇಕು.

ಶಹಾಪುರ, ಸುರಪುರಗಳ ಎರೆಹೊಲದಲ್ಲಿ ಹತ್ತಿ ಅರಳುವ ಕಾಲಕ್ಕೆ ತರಗತಿಗಳು ತೆಳುವಾಗುತ್ತವೆ. ಹತ್ತಿ ಬಿಡಿಸಲು ಹೊಲಕ್ಕೆ ಹೋಗುವ ಮಕ್ಕಳುಂಟು. ತಂದೆತಾಯಿಯರೊಡನೆ ಬೆಂಗಳೂರಿನಂಥ ದೂರದ ಪಟ್ಟಣಗಳಿಗೆ ಗುಳೆ ಹೋಗುವ ಮಕ್ಕಳೂ ಉಂಟು. ನಿನ್ನೆ ಪಕ್ಕದಲ್ಲಿ ಕುಳಿತು ಲೆಕ್ಕ ಬಿಡಿಸಿದ ಗೆಳತಿ ಇಂದು ಗಂಟುಮೂಟೆಯೊಡನೆ ಬಸ್ಸಿನ ದಾರಿ ಕಾಯುತ್ತಾಳೆ. ವಿಳಾಸ ಬರೆದುಕೊಳ್ಳೋಣವೆಂದರೆ ಕಟ್ಟಡದ ಕೆಲಸ ಇಂದು ಒಂದು ಕಡೆ, ನಾಳೆ ಇನ್ನೊಂದು ಕಡೆ. ಅವಳ ಮುಂಗೈಗೆ ಅಂದು ಕಟ್ಟಿದ ಪಟ್ಟಿ ಸಿಮೆಂಟಿನ ಧೂಳನ್ನೂ ಪಾತ್ರೆ ತೊಳೆಯುವ ನೀರನ್ನೂ ಕಾಣುತ್ತದೆ. ಹಳದಿ ಮೊದಲು ಮಾಸಬಹುದು, ಅಂಚಿನ ಎಳೆ ಸವೆಯಬಹುದು. ಗಂಟು ಬೇಗ ಬಿಚ್ಚುವುದಿಲ್ಲ. ಬಿತ್ತನೆಯ ಕಾಲಕ್ಕೆ ಊರಿಗೆ ಮರಳಿದಾಗ ಅದು ಹರಿದಿದ್ದರೂ ಚಿಂತೆಯಿಲ್ಲ. ನಾಲ್ಕು ಪಟ್ಟಿಗಾಗುವಷ್ಟು ದಾರದ ಲಡಿಗಳು ಇನ್ನೊಬ್ಬಳ ಪಾಟೀಚೀಲದಲ್ಲಿ ಇನ್ನೂ ಉಳಿದಿರುತ್ತವೆ.